ಚೀಲದ ಗಂಟು

ಅವರ ಬಲ ಮುಂಗೈ ಮೇಲೆ, ರೊಟ್ಟಿಯ ಮೇಲಿನ ಕಪ್ಪು ಚುಕ್ಕೆಗಳಂತೆ, ಸುಟ್ಟ ಕಲೆಗಳಿದ್ದವು. ಟ್ಯೂಬಿಗೆ ತೇಪೆ ಅಂಟಿಸುವ ಕಾದ ಕಬ್ಬಿಣದ ಗುರುತುಗಳವು. ರವಿವಾರ ಪೇಟೆಯಲ್ಲಿ ನಾನು ಗುಮಾಸ್ತನಾಗಿದ್ದ ಜೋಳದ ಅಂಗಡಿಯ ಪಕ್ಕದಲ್ಲೇ ಅವರ ಪಂಕ್ಚರ್ ಅಂಗಡಿ. ಎಲ್ಲರಿಗೂ ಅವರು ಚಾಚಾ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮಳೆ ಇಳಿಯುವ ಹೊತ್ತಿಗೆ, ರಜೆಯ ದಿನ ನಾವು ನಾಲ್ಕು ಜನ ಅವರೊಂದಿಗೆ ಬೆಳಗಿನ ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆವು. ಲಾರಿಯ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿ, ಹಲಗೆಯ ತುಂಡನ್ನೇ ಹುಟ್ಟು ಮಾಡಿಕೊಂಡು, ಮಲಪ್ರಭೆಯಲ್ಲಿ ಪಾರಿಶ್ವಾಡದ ಕಡೆ ತೇಲುತ್ತಿದ್ದೆವು. ಹೊರಡುವ ಮೊದಲು ಚಾಚಾ ಪ್ರತಿ ಟ್ಯೂಬನ್ನೂ ನೀರಿನಲ್ಲಿ ಅದುಮಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದರು.

"ಟ್ಯೂಬಿನ ತೂತು, ಮನಷ್ಯಾನ ಹೆದರಿಕಿ, ಎರಡೂ ನೀರಾಗ ಇಳಿದ ಮ್ಯಾಲನ ಕಾಣತಾವ" ಎನ್ನುತ್ತಿದ್ದರು. ಅವರದು ಒಂದೇ ಕಟ್ಟಳೆ: ಟ್ಯೂಬಿಗೆ ಯಾರೂ ಮೈ ಕಟ್ಟಿಕೊಳ್ಳಬಾರದು.

ಒಂದು ಸಲ ನಾನು ಕಟ್ಟಿಕೊಂಡೆ. ನನ್ನ ಈಜು ಅಷ್ಟಕ್ಕಷ್ಟೆ. ಆ ಸಲ ಹೊಳೆ ಕೆಂಪಗೆ ತುಂಬಿತ್ತು. ಅಂಗಡಿಯಿಂದ ತಂದಿದ್ದ ಸುತಳಿಯನ್ನು ಅಂಗಿಯೊಳಗೆ ಸೊಂಟಕ್ಕೆ ಸುತ್ತಿ, ಟ್ಯೂಬಿಗೆ ಬಿಗಿದು, ಜೋಳದ ಚೀಲದ ಬಾಯಿಗೆ ಹಾಕುವ ಗಂಟನ್ನೇ ಹಾಕಿದೆ.

ಬಂಡೆಗಳ ನಡುವೆ ನೀರು ನನ್ನನ್ನು ಎತ್ತಿ ಒಗೆಯಿತು. ಮೊದಲ ಬಂಡೆಗೆ ಭುಜ ಬಡಿಯಿತು, ಎರಡನೆಯದಕ್ಕೆ ಹಣೆ. ಟ್ಯೂಬು ಮಗುಚಿ, ಬಿದ್ದ ಮರದ ಕೊಂಬೆಗೆ ಸಿಕ್ಕಿತು. ನಾನು ಅದರ ಕೆಳಗೆ. ನೆನೆದ ಗಂಟು ಎಳೆದಷ್ಟೂ ಬಿಗಿಯಿತು. ಚಾಚಾ ಧುಮುಕಿ ಬಂದರು. ನಾನು ಅವರ ಕುತ್ತಿಗೆಯನ್ನೇ ಹಿಸುಕಿ ಹಿಡಿದೆ. ಇಬ್ಬರೂ ಮುಳುಗಿದೆವು. ಆಗ ಅವರ ಮುಷ್ಟಿ ನನ್ನ ಬಾಯಿಗೆ ಬಿತ್ತು. ಮತ್ತೊಮ್ಮೆ ಬಿತ್ತು. ಹಲ್ಲು ಮುರಿದದ್ದು ನೀರಿನೊಳಗೂ ಕೇಳಿಸಿತು. ನನ್ನ ಹಿಡಿತ ತಪ್ಪಿತು. ರಬ್ಬರು ಕೊಯ್ಯುವ ಚಾಕುವಿನಿಂದ ಅವರು ಸುತಳಿ ಕೊಯ್ದರು, ಜೊತೆಗೆ ತಮ್ಮ ಅಂಗೈಯನ್ನೂ.

ದಡದಲ್ಲಿ ರಕ್ತ ಉಗುಳುತ್ತಿದ್ದ ನನ್ನ ಕಪಾಳಕ್ಕೆ ಇನ್ನೊಂದು ಕೊಟ್ಟರು.

"ಜ್ವಾಳದ ಚೀಲ ಅಂತ ತಿಳಕೊಂಡಿಯೇನ್ಲೇ ನಿನ್ನ?"

"ಹಲ್ಲು ಮುರದ್ರಲ್ರೀ ಚಾಚಾ..."

"ಬೈ ತಮ್ಮಾ, ಬೈ. ಬದುಕಿದಾಂವ ಅಷ್ಟ ಬೈತಾನ."

ಆಮೇಲೆ ತಮ್ಮ ಅಂಗಿ ಹರಿದು ಮೊದಲು ನನ್ನ ಹಣೆಗೆ ಕಟ್ಟಿದರು. ಅವರ ಕೈ ರೈಲು ಹತ್ತುವವರೆಗೂ ಸೋರುತ್ತಲೇ ಇತ್ತು.

ಕೆಲವು ವರ್ಷಗಳ ನಂತರ, ಕಾದ ಕಬ್ಬಿಣದ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಗೋರಿಗೆ ಮಣ್ಣು ಹಾಕಲು ಅವರ ಮಗ ನನ್ನನ್ನೂ ಮುಂದೆ ಕರೆದ. ಮುರಿದ ಹಲ್ಲನ್ನು ಕಟ್ಟಿಸಿಕೊಳ್ಳಿ ಎಂದು ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಕಟ್ಟಿಸಿಲ್ಲ. ಅಂದು ಮೂರು ಹಿಡಿ ಮಣ್ಣು ಹಾಕುವಾಗಲೂ ನನ್ನ ನಾಲಗೆ ಆ ಖಾಲಿ ಜಾಗದಲ್ಲೇ ಇತ್ತು.