ಒಂದೇ ಖಾನೆ, ಇಬ್ಬರು ತಾಯಂದಿರು

ಬೆಳಗಿನ ಎಂಟೂವರೆ. ಕೆನಡಾದ ಉತ್ತರ ತುದಿ, ಬಾಫಿನ್ ದ್ವೀಪದ ಈ ಪುಟ್ಟ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆರೋಗ್ಯ ಕೇಂದ್ರದ ಕಾರ್ಯಕರ್ತೆ ಲೀಟಿಯಾ, ದಕ್ಷಿಣದ ಪ್ರಯೋಗಾಲಯ ಕಳಿಸಿದ ಪೆಟ್ಟಿಗೆ ಬಿಚ್ಚುತ್ತಾರೆ. ರಕ್ತ ತುಂಬುವ ಖಾಲಿ ಕೊಳವೆಗಳು, ಜೊತೆಗೆ ಆರು ಪೊಟ್ಟಣ ಐಸ್. ಹೊರಗೆ ಮೈನಸ್ ಮೂವತ್ತೊಂದು!

“ಇವ್ರಿಗೆ ಬುದ್ಧಿ ಹೇಳೋದು ಬಿಟ್ಟು ಆರು ವರ್ಷ ಆಯ್ತು,” ಎಂದು ಐಸನ್ನು ಮೂಲೆಗೆ ತಳ್ಳುತ್ತಾರೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಳವೆಗಳನ್ನು ಅವರು ಒಯ್ಯುವುದು ಅಂಗಿಯೊಳಗೆ, ಮೈಬಿಸಿಯಲ್ಲಿ.

ಐವತ್ತೆರಡರ ಲೀಟಿಯಾಗೆ ಈ ಕೆಲಸದಲ್ಲಿ ಇದು ಇಪ್ಪತ್ಮೂರನೇ ವರ್ಷ. ದಿನಕ್ಕೆ ಹದಿನಾಲ್ಕು ಮನೆ. ವಿಮಾನ ವಾರಕ್ಕೆರಡು, ಮಂಜು ಕವಿದರೆ ಅದೂ ಇಲ್ಲ. ರಕ್ತ ಕೆಡುತ್ತದೆ, ಮತ್ತೆ ಸೂಜಿ ಹಿಡಿದು ಅದೇ ಬಾಗಿಲು ತಟ್ಟಬೇಕು. ಬೈಗುಳ ಮಾತ್ರ ಯಾವ ಹವಾಮಾನಕ್ಕೂ ತಪ್ಪುವುದಿಲ್ಲ.

ಕಳೆದ ಚಳಿಗಾಲದಲ್ಲಿ ಊರಿನ ಮಕ್ಕಳಿಗೆಲ್ಲ ಫ್ಲೂ ಬಂತು, ಮೂರೇ ದಿನದಲ್ಲಿ ಇಳಿಯಿತು. ನಾಲ್ಕು ವರ್ಷದ ಜೈಪಿಟಿ ಮಾತ್ರ ಇಪ್ಪತ್ತು ದಿನ ಉಸಿರಾಟದ ಯಂತ್ರದಲ್ಲಿದ್ದ. ವೈರಸ್ಸಿನ ಎದುರು ಮೈಯನ್ನು ಎಚ್ಚರಿಸುವ ಜೀನ್ ಅವನಿಗೆ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟೇ ಬಂದಿತ್ತು. ಹಾಗಾಗಿ ಬಳಗದವರ ರಕ್ತವನ್ನೆಲ್ಲ ನೋಡಬೇಕಾಯಿತು.

ಅವನ ದೊಡ್ಡಮ್ಮ ಊಲೂಟಿಯ ಮನೆಯಲ್ಲಿ ಹನ್ನೊಂದು ತಿಂಗಳ ನೌಯಾ ಇದ್ದಾಳೆ. ಲೀಟಿಯಾ ರಜೆಯಲ್ಲಿದ್ದ ವಾರ ಹೊಸ ನರ್ಸ್ ಅಲ್ಲಿಗೆ ಹೋಗಿ, ಊಲೂಟಿಯ ರಕ್ತ ತೆಗೆದು, ನೌಯಾಳ ಅರ್ಜಿ ತುಂಬುತ್ತ ತಾಯಿ ಯಾರು ಎಂದು ಕೇಳಿದಳು. ಊಲೂಟಿ ಮಗುವನ್ನೇ ತೋರಿಸಿದಳು. ತೀರಿಹೋದ ತನ್ನ ತಾಯಿಯ ಹೆಸರಿಟ್ಟ ಮೇಲೆ, ಇಲ್ಲಿನ ರೂಢಿಯಂತೆ, ಆ ಮಗು ಅವಳಿಗೆ ಅಮ್ಮನೇ. ತಾಯಿಯ ವಯಸ್ಸು ಹನ್ನೊಂದು ತಿಂಗಳು ಎಂಬ ಅರ್ಜಿ ತಿರುಗಿ ಬಂತು. ನರ್ಸ್ ತಿದ್ದಿ, ತಾಯಿ ಊಲೂಟಿ ಎಂದು ಬರೆದಳು. ಆಗ ಉತ್ತರ ಬಂತು: ತಾಯಿಯ ಜೀನ್ ಸರಿಯಿದೆ, ಮಗುವಿನ ಪರೀಕ್ಷೆ ಬೇಕಿಲ್ಲ. ಮುಂದಿನ ಬುಧವಾರ ದಡಾರದ ಲಸಿಕೆ ಹಾಕಬಹುದು.

ಕಾಗದ ಓದಿದ ಲೀಟಿಯಾ ತಲೆ ಚಚ್ಚಿಕೊಂಡರು. ನೌಯಾಳನ್ನು ಹೆತ್ತವಳು ಊಲೂಟಿಯ ತಂಗಿ, ಅಂದರೆ ಜೈಪಿಟಿಯ ತಾಯಿ! ಹೆತ್ತ ಕೂಸನ್ನು ಅಕ್ಕನ ಮಡಿಲಿಗೆ ಕೊಡುವುದು ಇಲ್ಲಿ ಸೀಮೆಗಿಲ್ಲದ ಸಂಗತಿಯೇನಲ್ಲ. ಆದರೆ ಅರ್ಜಿಯಲ್ಲಿ ತಾಯಿಗೆ ಒಂದೇ ಖಾನೆ. ಬೇರೆ ಮಕ್ಕಳನ್ನು ಕಾಯುವ ಆ ಲಸಿಕೆಯಲ್ಲಿರುವುದು ಸೊರಗಿಸಿದ ಜೀವಂತ ವೈರಸ್. ಜೈಪಿಟಿಯಂಥ ಮಗುವಿಗೆ ಅದೂ ಕುತ್ತಾಗಬಹುದು.

ನಾಲ್ಕು ಸಲ ಫೋನ್ ಮಾಡಿ, ಮಗುವಿನದೇ ರಕ್ತ ಕಳಿಸಿದರು. ಮಂಗಳವಾರ ಸಂಜೆ ಉತ್ತರ ಬಂತು: ಅಣ್ಣನ ಹಾಗೆಯೇ. ವೈದ್ಯರು ಅವಳ ಲಸಿಕೆ ತಡೆದರು. ಬದಲಿಗೆ ಅವಳನ್ನು ಎತ್ತಿ ಆಡಿಸುವ ಮೂವತ್ತೊಂಬತ್ತು ಮಂದಿಗೆ ಲೀಟಿಯಾ ಫ್ಲೂ ಚುಚ್ಚುಮದ್ದು ಹಾಕಿದರು.

ಊಲೂಟಿ ಮೊದಲು ತೋಳು ಒಡ್ಡಿದಳು. “ಚುಚ್ಚಕ್ಕ. ನನ್ನಮ್ಮನ್ನ ಒಂದ್ಸಲ ಮಣ್ಣು ಮಾಡಿದ್ದು ಸಾಕು.”

ದಕ್ಷಿಣದ ವೈದ್ಯರು ಫೋನಿನಲ್ಲಿ ಹೊಗಳಿದಾಗ ಲೀಟಿಯಾ ಕೇಳಿದ್ದು ಇಷ್ಟೇ: ಅರ್ಜಿಯಲ್ಲಿ ಇನ್ನೊಂದು ಖಾನೆ. ಇವತ್ತು ಪೆಟ್ಟಿಗೆಯ ತಳದಲ್ಲಿ ಹೊಸ ಅರ್ಜಿಗಳಿವೆ. ತಾಯಿಗೆ ಮತ್ತೆ ಒಂದೇ ಖಾನೆ.

ಲೀಟಿಯಾ ಸ್ಕೇಲು, ಪೆನ್ನು ಹುಡುಕಿ, ಇನ್ನೂರು ಹಾಳೆಗಳಲ್ಲಿ ಮೊದಲನೆಯದನ್ನು ಎಳೆದುಕೊಳ್ಳುತ್ತಾರೆ. ಖಾನೆಯ ನಡುವೆ ನೆಟ್ಟಗೆ ಒಂದು ಗೆರೆ. ಆಚೆ ಹೆತ್ತವಳು, ಈಚೆ ಸಾಕಿದವಳು.

“ಅವ್ರು ಹಾಕೋವರೆಗೂ ನಾನೇ ಹಾಕ್ತೀನಿ ಬಿಡಿ.”