ಹೂಕುಂಡದ ಕೆಳಗಿದ್ದ ಸ್ಟ್ಯಾಂಡುಗಳು

ಚನ್ನಗಿರಿಯ ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ಈ ಸಲದ ಯುಗಾದಿಯವರೆಗೂ ಒಂದು ಮರದ ಹಲಗೆ ಇತ್ತು, ಅದರ ಮೇಲೆ ಏಳು ಹೂಕುಂಡ. ಹಲಗೆಯ ಎರಡೂ ತುದಿಗೆ ಒಂದೊಂದು ಕಬ್ಬಿಣದ ಸ್ಟ್ಯಾಂಡು. ಬಂದವರೆಲ್ಲ ಅವನ್ನು ಕುಂಡಕ್ಕೆಂದೇ ಮಾಡಿಸಿದ್ದು ಅಂದುಕೊಳ್ಳುತ್ತಿದ್ದರು. ಅವು ಕಾರು ಎತ್ತಿ ನಿಲ್ಲಿಸುವ ಸ್ಟ್ಯಾಂಡುಗಳೆಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಒಂದು ಭಾನುವಾರ ನಾನು ಬಾಯಿ ಬಿಡಲಿಲ್ಲ. ಅದನ್ನು ಬರೆಯಲೆಂದೇ ಇಂದು ಕೂತಿದ್ದೇನೆ.

ನಮ್ಮ ಯಜಮಾನರು ಜಗಳೂರು ಕಡೆಯವರು. ಹೊನ್ನಾಳಿಯಲ್ಲಿ ಅವರಿಗೆ ಆಫೀಸು ಕೆಲಸ, ನಾನು ಅಲ್ಲೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ರಿಟೈರ್ ಆದ ಮೇಲೆ ಚನ್ನಗಿರಿಯಲ್ಲಿ ಮನೆ ಕಟ್ಟಿಸಿದೆವು, ಸೆಕೆಂಡ್ ಹ್ಯಾಂಡಿನ ಒಂದು ಪುಟ್ಟ ಬಿಳಿ ಕಾರು ತೆಗೆದುಕೊಂಡೆವು. ಕಾರಿನ ಜೊತೆ ದಪ್ಪನೆಯ ಮ್ಯಾನುಯಲ್ ಬಂತು, ಪೂರ್ತಿ ಇಂಗ್ಲಿಷ್. ಅವರು ಕನ್ನಡ ಮೀಡಿಯಂನಲ್ಲಿ ಓದಿದವರು. ನಾನು ಒಂದನೇ ಕ್ಲಾಸಿನಿಂದ ಕಾನ್ವೆಂಟ್. ಅವರು ಪೋರ್ಟಿಕೋದಲ್ಲಿ ನನಗೊಂದು ಸ್ಟೂಲ್ ಹಾಕಿ, "ನೀ ಓದು, ನಾ ಮಾಡ್ತೀನಿ" ಅಂದರು. ನಾನು ಒಂದು ಸಾಲು ಓದಿ ಕನ್ನಡದಲ್ಲಿ ಹೇಳಬೇಕು, ಅವರು ಅಷ್ಟು ಮಾಡಿ ತಲೆಯೆತ್ತಿ ಮುಂದಿನ ಸಾಲಿಗೆ ಕಾಯಬೇಕು. ಆಯಿಲ್ ನೋಡುವುದು, ಟೈರ್ ಬದಲಿಸುವುದು ಎಲ್ಲ ಹೀಗೆಯೇ. ಜಾಕಿಯ ಪೇಜಿಗೆ ಬಂದಾಗ ಅವರು ಕೆಂಪು ಪೆನ್ಸಿಲ್ ತರಿಸಿದರು. ಜಾಕಿ ಒಂದನ್ನೇ ನಂಬಿ ಗಾಡಿಯ ಅಡಿಗೆ ಎಂದೂ ಹೋಗಕೂಡದು ಎಂದು ನಾನು ಓದಿದ ಮಾರನೆಯ ದಿನವೇ ವೆಲ್ಡಿಂಗ್ ಅಂಗಡಿಗೆ ಹೋಗಿ ಎರಡು ಗಟ್ಟಿ ಸ್ಟ್ಯಾಂಡು ಮಾಡಿಸಿಕೊಂಡು ಬಂದರು. ಹೆಂಡತಿ ಓದಿ ಹೇಳುವುದು, ತಾನು ಕೇಳುವುದು ಅವರಿಗೆ ಎಂದೂ ಅವಮಾನ ಅನಿಸಲಿಲ್ಲ. ಅಂಥ ಗಂಡಸರು ಎಲ್ಲ ಕಡೆ ಇರುತ್ತಾರೆಂದು ನಾನು ಅಂದುಕೊಂಡಿದ್ದೆ. ಹೌ ಲಿಟಲ್ ಐ ನ್ಯೂ.

ಅವರು ಹೋದ ಮೇಲೆ ಕಾರು ನನ್ನ ಕೈಗೆ ಬಂತು. ಮಾರ್ಕೆಟ್ಟಿಗೆ, ಸಂತೇಬೆನ್ನೂರಿನ ಗೆಳತಿಯ ಮನೆಗೆ ಈಗಲೂ ನಾನೇ ಓಡಿಸುತ್ತೇನೆ, ಥರ್ಡ್ ಗೇರ್ ದಾಟದೆ. ಸ್ಟ್ಯಾಂಡುಗಳು ಸಂದಿಯಲ್ಲಿ ತುಕ್ಕು ಹಿಡಿಯುತ್ತಿದ್ದವು. ನೋಡಿದರೆ ಸಂಕಟವಾಗುತ್ತಿತ್ತು. ಹಸಿರು ಪೇಂಟ್ ಹೊಡೆಸಿ, ಮೇಲೊಂದು ಹಲಗೆ ಹಾಕಿ ಕುಂಡ ಇಟ್ಟೆ. ಮಗಳಿಗೂ ಅವು ಏನೆಂದು ತಿಳಿಯದು. ಅವಳು ಆ ವರ್ಷಗಳಲ್ಲಿ ಹಾಸ್ಟೆಲ್‌ನಲ್ಲಿದ್ದಳು.

ಮಗಳನ್ನು ಕೊಟ್ಟಿದ್ದು ನ್ಯಾಮತಿ ಹತ್ತಿರದ ಗೋವಿನಕೋವಿಗೆ. ಅಳಿಯ ಬೇಸಾಯಗಾರ, ಕೈಯಲ್ಲಿ ಕೆಲಸ ಇರುವ ಮನುಷ್ಯ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಯಾವುದು ಕೆಟ್ಟರೂ ತಾನೇ ಬಿಚ್ಚಿ ತಾನೇ ಜೋಡಿಸುತ್ತಾರೆ. ಮಾತು ಕಡಿಮೆ, ನೆನಪು ಜಾಸ್ತಿ.

ಆ ಭಾನುವಾರಕ್ಕೂ ಮೂರು ವರ್ಷ ಮೊದಲು ಅವರ ತಂದೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಕಾರಿಡಾರಿನ ಬೆಂಚಿನ ಮೇಲೆ ಅವರ ಕಡೆಯ ಏಳೆಂಟು ಜನ ಕೂತಿದ್ದರು. ಅಳಿಯ ರಿಪೋರ್ಟ್ ಹಿಡಿದು ಒಂದೊಂದೇ ಇಂಗ್ಲಿಷ್ ಪದವನ್ನು ಕೂಡಿಸಿ ಓದಿ ತಮ್ಮ ದೊಡ್ಡಪ್ಪನಿಗೆ ಹೇಳುತ್ತಿದ್ದರು. ನಿಧಾನ, ಆದರೆ ತಪ್ಪಿಲ್ಲದೆ. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತವಳ ಕೈ ಸುಮ್ಮನಿರುತ್ತದೆಯೇ. "ಕೊಡಿ ಇಲ್ಲಿ, ನಾನು ಓದ್ತೀನಿ" ಎಂದು ಕಾಗದವನ್ನು ಅವರ ಬೆರಳಿನಿಂದ ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಬರೆಯಬೇಕು. ಸರಸರ ಓದಿ ಮುಗಿಸಿದಾಗ ಅವರು ಅಲ್ಲಿರಲಿಲ್ಲ. ಆಮೇಲೆ ಒಂದು ವರ್ಷ ಅಳಿಯಂದಿರು ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ಬಂದರೂ ಹೆಂಡತಿಯನ್ನು ಗೇಟಿನವರೆಗೆ ಬಿಟ್ಟು ಬೈಕ್ ತಿರುಗಿಸುತ್ತಿದ್ದರು. ಮತ್ತೆ ಒಳಗೆ ಬರತೊಡಗಿದಾಗ ಅತ್ತೆ ಅನ್ನುವ ಕಡೆ ಒಮ್ಮೊಮ್ಮೆ ಮೇಡಂ ಅನ್ನತೊಡಗಿದ್ದರು. ಮಗಳು ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಅಮ್ಮಾ, ಇನ್ನು ಮುಂದೆ ಅವರಿಗೆ ಪಾಠ ಮಾಡಾಕೆ ಹೋಗಬೇಡ. ಇನ್ನೊಂದ್ಸಲ ಹಿಂಗಾದ್ರೆ ನಾನು ಈ ಕಡೆ ಬರಾಕೆ ಆಗಲ್ಲ." ಪ್ರಾಮಿಸ್ ಅಂದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಗೆ ಮಾಡುತ್ತಿದ್ದ ಹಾಗೆ, ಎದೆ ಮುಟ್ಟಿಕೊಂಡು.

ಆ ಭಾನುವಾರ ಇಬ್ಬರೂ ಸಾಸ್ವೆಹಳ್ಳಿ ಮೇಲೆ ಬೈಕಿನಲ್ಲಿ ಬೆಳಿಗ್ಗೆಯೇ ಬಂದರು. ಹಿಂದಿನ ವಾರ ರೋಡ್ ಹಂಪ್ ಒಂದಕ್ಕೆ ಉಜ್ಜಿ ನನ್ನ ಕಾರಿನ ಸೈಲೆನ್ಸರ್ ಜೋತುಬಿದ್ದು ಕಟಕಟ ಅನ್ನುತ್ತಿತ್ತು. ಕೇಳಿಸಿಕೊಂಡ ಅಳಿಯ ತಾವಾಗಿಯೇ ಶರ್ಟು ಬಿಚ್ಚಿ ಬನಿಯನ್‌ನಲ್ಲಿ ನಿಂತರು, ಕ್ಲಾಂಪ್ ಹೋಗಿರಬೇಕು, ಹತ್ತು ನಿಮಿಷದ ಕೆಲಸ ಅಂದರು. ನನಗೆ ಬಹಳ ಖುಷಿಯಾಯಿತು, ಮೂರು ವರ್ಷದ ಮೇಲೆ ನನಗಾಗಿ ಅವರು ಏನೋ ಮಾಡುತ್ತಿದ್ದರು. ಆ ಖುಷಿಯನ್ನು ಕೆಡಿಸಿಕೊಳ್ಳಲು ನಾನು ಸಿದ್ಧಳಿರಲಿಲ್ಲ. ಐ ಶುಡ್ ಬಿ ಆನೆಸ್ಟ್ ಅಬೌಟ್ ದಟ್.

ಕಾರು ನಿಲ್ಲುವ ಜಾಗ ಬರೀ ಮಣ್ಣು, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ನಮ್ಮವರು ಅಲ್ಲಿ ಎಂದೂ ಜಾಕಿ ಹಾಕಿದವರಲ್ಲ, ಪೋರ್ಟಿಕೋದ ಸಿಮೆಂಟ್ ನೆಲಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ನೆಲದ ಮೇಲಿರುವ ಟೈರುಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೇ ಜಾಕಿ ಮುಟ್ಟುತ್ತಿದ್ದರು. ಅಳಿಯ ಇದ್ದಲ್ಲಿಯೇ ಮಣ್ಣಿನ ಮೇಲೆ ಜಾಕಿ ಇಟ್ಟು ತಿರುಗಿಸಿದರು. ಹಿಂದಿನ ಎಡಗಡೆ ಮೇಲೆದ್ದಿತು. ಕೈ ಆಡಿಸಲು ಜಾಗ ಬೇಕೆಂದು ಆ ಚಕ್ರವನ್ನೇ ಬಿಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ ಆಧಾರಕ್ಕೆ ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡುತ್ತ ಸಂದಿಗೆ ಹೋದರು. ಕುಂಡದ ಹಲಗೆಯ ಮುಂದೆಯೇ ನಿಂತರು. ಕಾಂಪೌಂಡ್ ಕಟ್ಟಿಸಿ ಉಳಿದಿದ್ದ ಎರಡು ಸಿಮೆಂಟ್ ಇಟ್ಟಿಗೆ ಆ ಹಲಗೆಯ ಪಕ್ಕದಲ್ಲಿದ್ದವು. ಒಂದು ಕುಂಡವನ್ನು ಆಚೆಗೆ ಸರಿಸಿ, ಇಟ್ಟಿಗೆಗಳನ್ನು ಎತ್ತಿಕೊಂಡು ಬಂದು ಒಂದರ ಮೇಲೊಂದು ಪೇರಿಸಿ ಕಾರಿನ ಕೆಳಗೆ ಕೊಟ್ಟರು. ಸಿಮೆಂಟ್ ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ, ಕಾರಿಗೆ ಕೊಡಲೇಬಾರದು ಎಂದು ಸ್ಟ್ಯಾಂಡು ಮಾಡಿದ ವೆಲ್ಡರ್ ಅಂದು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು.

ಗೊಬ್ಬರದ ಚೀಲ ಹಾಸಿ ಅಂಗಾತ ಮಲಗಿ ಅವರು ಒಳಗೆ ಜಾರಿದರು. ಹೊರಗೆ ಉಳಿದಿದ್ದು ಮೊಣಕಾಲಿನಿಂದ ಕೆಳಗೆ ಮಾತ್ರ.

ಮೆಕ್ಯಾನಿಕ್ ಒಬ್ಬನನ್ನು ಕರೆಸೋಣವೇ ಎಂದಷ್ಟೇ ನಾನು ಕೇಳಿದೆ. ಅಷ್ಟಕ್ಕೇ ನನ್ನ ಧೈರ್ಯ ಮುಗಿಯಿತು.

"ಇದಕ್ಕೆಲ್ಲ ಮೆಕ್ಯಾನಿಕ್ ಯಾಕ್ರೀ ಮೇಡಂ. ಲೋಡ್ ಟ್ರೇಲರನ್ನೇ ಕಲ್ಲು ಕೊಟ್ಟು ಎತ್ತೀನಿ. ಇದು ಬೆಂಕಿಪೊಟ್ಣ."

ಮೇಡಂ ಅಂದರಲ್ಲ, ನಾನು ಮತ್ತೆ ಬಾಯಿ ತೆರೆಯಲಿಲ್ಲ. ಕಾಫಿ ನೆಪದಲ್ಲಿ ಹೊರಗೆ ಕರೆದರಾಯಿತು, ಯಾರ ಮನಸ್ಸಿಗೂ ನೋವಾಗದು ಎಂದು ಒಳಗೆ ಹೋದೆ. ಹಾಲು ಫ್ರಿಜ್ಜಿನಲ್ಲಿತ್ತು. ಒಲೆಯ ಮೇಲಿಟ್ಟು ಕಾಯುತ್ತ ನಿಂತೆ. ಮಗಳು ರೊಟ್ಟಿ ತಟ್ಟುತ್ತ ಅವರ ಮನೆಯ ಎಮ್ಮೆ ಕರು ಹಾಕಿದ್ದನ್ನು ಹೇಳುತ್ತಿದ್ದಳು. ನಾನು ಹ್ಞೂಂ ಅನ್ನುತ್ತಿದ್ದೆ. ಹಾಲು ಉಕ್ಕುವವರೆಗೆ, ಡಿಕಾಕ್ಷನ್ ಬೆರೆಸುವವರೆಗೆ, ಸಕ್ಕರೆ ಕದಡುವವರೆಗೆ ಅವಳ ಗಂಡ ಎರಡು ಇಟ್ಟಿಗೆಯ ಮೇಲೆ ನಿಂತ ಕಾರಿನ ಕೆಳಗೆ ಮಲಗಿದ್ದರು, ಅದು ನನಗೆ ಗೊತ್ತಿತ್ತು. ನಾಲ್ಕು ಹೆಜ್ಜೆ ಹೋಗಿ ಕನ್ನಡದಲ್ಲಿ ಒಂದು ವಾಕ್ಯ ಹೇಳಬೇಕಿತ್ತು. ನಾನು ಹಾಲು ನೋಡುತ್ತಿದ್ದೆ.

ಲೋಟ ಹಿಡಿದು ಬಂದು ಕಾಫಿ ಆರುತ್ತದೆ, ಬನ್ನಿ ಅಂದೆ. ಇನ್ನೊಂದೇ ನಟ್ಟು, ಅಲ್ಲೇ ಇಟ್ಟಿರಿ ಅಂದರು. ಸ್ಪ್ಯಾನರಿನಿಂದ ನಟ್ಟನ್ನು ಜಗ್ಗಿದಾಗೊಮ್ಮೆ ಕಾರು ಸಣ್ಣಗೆ ಅಲುಗುತ್ತಿತ್ತು. ಜಾಕಿಯ ಒಂದು ಅಂಚು ಮಣ್ಣಿನಲ್ಲಿ ಇಳಿದಿರುವುದು ಕಾಣಿಸಿತು. ಆಗ ನನ್ನ ಬಾಯಿಂದ ಬಂದಿದ್ದು ಸುಳ್ಳು.

"ಊರಿಂದ ಫೋನ್ ಬಂದಿದೆ. ನಿಮ್ಮ ಅಪ್ಪಾಜಿದು. ಬೇಗ ಬನ್ನಿ."

ಅವರು ಹೇಗೆ ಹೊರಗೆ ಬಂದರೋ, ಮೊಣಕೈ ತರಚಿಕೊಂಡು ಒಂದೇ ಉಸಿರಿಗೆ ಬಂದು ನಿಂತು ಕೈ ಒರೆಸಿಕೊಳ್ಳುತ್ತ ಫೋನ್ ಎಲ್ಲಿ ಅಂದರು. ಅವರ ಬೆನ್ನ ಹಿಂದೆ ಹಪ್ಪಳ ಮುರಿದಂಥ ಸಣ್ಣ ಸದ್ದಾಯಿತು, ಆಮೇಲೆ ದೊಡ್ಡದು. ಮೇಲಿನ ಇಟ್ಟಿಗೆ ಎರಡು ಹೋಳಾಗಿ, ಜಾಕಿ ಪಕ್ಕಕ್ಕೆ ಮಲಗಿ, ಕಾರಿನ ಹಿಂಭಾಗ ಮಣ್ಣಿನ ಮೇಲೆ ಕೂತಿತ್ತು. ಚೀಲದ ತುದಿ ಕೆಳಗೆ ಸಿಕ್ಕಿಕೊಂಡಿತ್ತು. ಕಾರಿಗೂ ನೆಲಕ್ಕೂ ನಡುವೆ ಉಳಿದ ಜಾಗವನ್ನು ನಾನು ಆಮೇಲೆ ಬಗ್ಗಿ ಅಳೆದೆ. ನನ್ನ ಒಂದು ಗೇಣೂ ಇರಲಿಲ್ಲ.

ಮಗಳು ಹಿಟ್ಟಿನ ಕೈಯಲ್ಲೇ ಬಂದು ಗಂಡನ ಬನಿಯನ್ ಹಿಡಿದುಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಅಳಿಯ ತಮ್ಮ ಫೋನ್ ತೆಗೆದು ಊರಿಗೆ ಮಾಡಿದರು. ಅವರಪ್ಪ ಚೆನ್ನಾಗಿದ್ದರು, ಫೋನ್ ಮಾಡಿರಲಿಲ್ಲ. ಅಳಿಯ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ಚಾಚಿದೆ.

ಗೋವಿನಕೋವಿಯಲ್ಲಿ ನಾನು ದೊಡ್ಡ ವ್ಯಕ್ತಿಯಾಗಿಬಿಟ್ಟೆ. ಅತ್ತೆಗೆ ದೇವರೇ ಹೊಳೆಸಿ ಸುಳ್ಳು ಹೇಳಿಸಿದ ಎಂದು ಅಳಿಯಂದಿರೇ ಎಲ್ಲರಿಗೂ ಹೇಳಿಕೊಂಡು ಬಂದರು. ಬೀಗಿತ್ತಿ ನನಗೊಂದು ಸೀರೆ ಉಡಿಸಿದರು. ಅಪ್ಪಾಜಿ ಕೈಮುಗಿದರು, ನಿಮ್ಮಿಂದ ನನ್ನ ಮಗ ಉಳಿದ ತಾಯಿ ಅಂದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಅಂದುಕೊಂಡರು. ಮೇಡಂ ಅನ್ನುವುದು ನಿಂತು ಮತ್ತೆ ಅತ್ತೆ ಆದೆ. ನಾಲ್ಕು ತಿಂಗಳು ಆ ಮಾತುಗಳನ್ನು ಉಂಡುಕೊಂಡು ಇದ್ದೆ.

ಯುಗಾದಿಗೆ ಸುಣ್ಣ ಬಳಿಸಲು ಸಂದಿ ಖಾಲಿ ಮಾಡಬೇಕಾಯಿತು. ಅಳಿಯ ಬಂದು ಕುಂಡಗಳನ್ನು ಇಳಿಸಿದರು, ಹಲಗೆ ತೆಗೆದರು. ಒಂದು ಸ್ಟ್ಯಾಂಡನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಅದರ ತಲೆಯಲ್ಲಿ ಕಾರಿನ ಅಂಚು ಕೂರಲೆಂದೇ ಮಾಡಿದ ಕಚ್ಚು.

"ಅತ್ತೆ, ಇದು ಕುಂಡದ್ದಲ್ಲ ಅಲ್ವಾ."

ಇನ್ನೊಂದು ಸುಳ್ಳಿಗೆ ನನ್ನಲ್ಲಿ ಶಕ್ತಿ ಇರಲಿಲ್ಲ. ಹೇಳಿದೆ. ನಮ್ಮವರು ಮಾಡಿಸಿದ್ದು, ಯಾತಕ್ಕೆ ಮಾಡಿಸಿದ್ದು, ಆ ಭಾನುವಾರ ನಾನು ನೋಡುತ್ತ ನಿಂತಿದ್ದು, ಹಾಲು ಕಾಯಿಸಲು ಹೋಗಿದ್ದು. ದೇವರು ಏನೂ ಹೊಳೆಸಲಿಲ್ಲ, ಪುಸ್ತಕದಲ್ಲಿ ಓದಿದ್ದೆ ಅಂದೆ.

ಅವರು ಬಹಳ ಹೊತ್ತು ಸ್ಟ್ಯಾಂಡನ್ನು ಕೆಳಗಿಡಲಿಲ್ಲ. "ಅವತ್ತೇ ಹೇಳಬಹುದಿತ್ತಲ್ರೀ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾರಿನಿಂದ ಮ್ಯಾನುಯಲ್ ತಂದು ನನ್ನ ಕೈಗೆ ಕೊಟ್ಟು, "ಆ ಪೇಜ್ ಓದ್ರಿ" ಅಂದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ಕೆಂಪು ಪೆನ್ಸಿಲ್ಲಿನ ಗೆರೆಗಳು ಮಸುಕಾಗಿದ್ದವು. ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಬೇಕು ಎಂದು ಓದಿ ಹೇಳಿದೆ.

"ಇದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಚಕ್ರಗಳಿಗೆ ಕಲ್ಲು ಕೊಡುವ ಸಾಲು. ಗೊತ್ತಿತ್ತಾ? ಗೊತ್ತಿತ್ತು. ಜಾಕಿ ಕೂರಿಸಲು ಗುರುತು ಮಾಡಿದ ಜಾಗದಲ್ಲೇ ಕೂರಿಸಬೇಕು. ಗೊತ್ತಿತ್ತು. ಜಾಕಿ ಒಂದನ್ನೇ ನಂಬಿ ಅಡಿಗೆ ಹೋಗಕೂಡದು. ಅದಕ್ಕೆ ಅವರು ಕೇಳಲೇ ಇಲ್ಲ. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು ಅಂಗಳದಲ್ಲಿ ನಿಂತು ಉತ್ತರ ಕೊಟ್ಟೆ, ಎಲ್ಲವೂ ಸರಿ ಉತ್ತರಗಳೇ. ಅವರು ಸ್ಟ್ಯಾಂಡುಗಳನ್ನು ನಲ್ಲಿಯಲ್ಲಿ ತೊಳೆದು ಡಿಕ್ಕಿಗೆ ಹಾಕಿದರು.

ಮಗಳು ಆಮೇಲೆ ಅಡಿಗೆಮನೆಯಲ್ಲಿ ಕೇಳಿದಳು, "ನಾನು ಸುಮ್ಮನಿರು ಅಂದಿದ್ದು ಇದಕ್ಕೂ ಸೇರಿಸೇನಮ್ಮಾ?" ಸುಮ್ಮನಿರು ಅಂದವಳು ಅವಳು, ನಿಜ. ಅದರ ಹಿಂದೆ ಅಡಗಿ ಕೂತವಳು ನಾನು.

ಹೋದ ವಾರ ಬ್ರೇಕ್ ನೋಡಲು ಅಳಿಯ ಬಂದಿದ್ದರು. ಕಾರನ್ನು ಪೋರ್ಟಿಕೋಗೆ ತಂದು ಎತ್ತಿ, ಸ್ಟ್ಯಾಂಡು ಕೊಟ್ಟು, ಬಿಚ್ಚಿದ ಚಕ್ರವನ್ನೂ ಆಸರೆಗೆಂದು ಕಾರಿನ ಅಡಿಗೇ ತಳ್ಳಿ, ಚೀಲ ಹಾಸಿದರು. ಆದರೆ ಮಲಗಲಿಲ್ಲ. ಕೈಕಟ್ಟಿ ನಿಂತು "ನೋಡ್ರಿ" ಅಂದರು. ಅದು ಗೌರವವೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ಇಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದೆ. ಹ್ಯಾಂಡ್‌ಬ್ರೇಕ್ ಎಳೆದಿತ್ತು, ಗೇರಿನಲ್ಲಿತ್ತು. ಮುಂದಿನ ಬಲಗಡೆ ಟೈರಿಗೂ ಕಲ್ಲಿಗೂ ನಡುವೆ ಎರಡು ಬೆರಳು ಸಂದು.

"ಈ ಕಲ್ಲು ತಾಗಿಲ್ಲ" ಅಂದೆ. ಅವರು ಬಂದು ಕಾಲಿನಿಂದ ಒತ್ತಿದರು. "ಈಗ?" ಎರಡೂ ಕೈ ಕೊಟ್ಟು ಕಾರನ್ನು ಅಲುಗಿಸಿ ನೋಡಿದೆ. ಕದಲಲಿಲ್ಲ.

"ಈಗ ಹೋಗಿ."

ಅವರು ಒಳಗೆ ಜಾರಿದರು. ಮೊಣಕಾಲಿನಿಂದ ಕೆಳಗೆ ಮಾತ್ರ ಹೊರಗೆ. ನಾನು ಹಳೆಯ ಸ್ಟೂಲ್ ಎಳೆದುಕೊಂಡು ಆ ಕಾಲುಗಳ ಹತ್ತಿರ ಕೂತೆ. ಹಾಲು ಒಲೆಯ ಮೇಲಿದೆ, ಸ್ವಲ್ಪ ನೋಡಿಕೋ ಎಂದು ಒಳಗಿನಿಂದ ಮಗಳು ಎರಡು ಸಲ ಕರೆದಳು. ನಾನು ಏಳಲಿಲ್ಲ.