ಮಾಸಿದ ಪುಟದ ಮೇಷ್ಟ್ರು

ಚಿಕ್ಕೇಗೌಡ ಮೇಷ್ಟ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಕಂದುಬಣ್ಣಕ್ಕೆ ತಿರುಗಿರುತ್ತಿದ್ದವು. ನಶ್ಯದ ಕರಾಮತ್ತು. ಅವರು ಮುಟ್ಟಿದ್ದಕ್ಕೆಲ್ಲ ಆ ಮುದ್ರೆ ಬೀಳುತ್ತಿತ್ತು. ಹಾಜರಿ ಪುಸ್ತಕಕ್ಕೆ, ಸೀಮೆಸುಣ್ಣಕ್ಕೆ, ಬಸ್ ಟಿಕೆಟ್ಟಿಗೆ, ಒಮ್ಮೆ ಹೆಡ್‌ಮಾಸ್ಟರ ಬಿಳಿ ಷರಟಿನ ತೋಳಿಗೂ. ಹೆಸರಿಗೆ ಚಿಕ್ಕೇಗೌಡ, ಆಳು ಆರಡಿಗೆ ಎರಡು ಬೆರಳು ಮೇಲೆ. ಪಾಂಡವಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಶ್ರೀರಂಗಪಟ್ಟಣದ ನಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು.

ಉಳಿದ ಮೇಷ್ಟ್ರುಗಳೆಲ್ಲ ಕೈ ತೊಳೆದು ಪುಸ್ತಕ ಮುಟ್ಟಿ ಎಂದರೆ ಇವರದು ತದ್ವಿರುದ್ಧ. ಡ್ರಾಯಿಂಗ್ ಪುಸ್ತಕ ತಿದ್ದಲು ಕೊಟ್ಟರೆ ಒಳಗಿನ ಚಿತ್ರ ಆಮೇಲೆ. ಮೊದಲು ಪುಸ್ತಕ ಮುಚ್ಚಿ, ಅದರ ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ಎಲ್ಲೆಲ್ಲಿ ಎಷ್ಟೆಷ್ಟು ಮಾಸಿದೆ ಎಂದು ನೋಡುತ್ತಿದ್ದರು. ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮಪ್ಪ ನನ್ನ ಪುಸ್ತಕಕ್ಕೆ ತಾವೇ ಬೈಂಡು ಹಾಕಿ, ಕಣ್ಣಿಗೊತ್ತಿಕೊಂಡು ಕೊಟ್ಟಿದ್ದರು. ಎರಡು ತಿಂಗಳಾದರೂ ಅದು ಹಾಗೇ ಇತ್ತು. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಕಾಣುವಂತೆ ಎತ್ತಿ ಹಿಡಿದರು.

"ಇದೇನ್ಲಾ ರಮೇಸ, ಪುಸ್ತಕ ಮದ್ವೆ ಹೆಣ್ಣಿದ್ದಂಗದೆ. ಒಂದಿನಾನೂ ಮುಟ್ಟಿಲ್ವಾ?"

"ಗಲೀಜಾಗುತ್ತೆ ಅಂತ ಸಾರ್. ಸರಸ್ವತಿ ಅಲ್ವಾ?"

"ಸರಸ್ವತಿ ಏನ್ ಮಡಿ ಉಟ್ಕಂಡು ಕೂತವ್ಳಾ? ಓಗ್ಲಾ, ಉಂಡ ಕೈಲಿ ಮುಟ್ಟು ಓಗು. ಮಾಸ್ದೇ ಇರೋ ಪುಸ್ತಕ ಓದ್ದೇ ಇರೋ ಪುಸ್ತಕ."

ಇದನ್ನು ಮನೆಯಲ್ಲಿ ಹೇಳಿದೆ. ಈ ಮನುಷ್ಯನಿಗೆ ಮೇಷ್ಟ್ರ ಕೆಲಸ ಕೊಟ್ಟವರು ಯಾರು ಎಂದು ಅಪ್ಪ ಎರಡು ದಿನ ಗೊಣಗಿದರು.

ಅವರ ಮೊದಲ ಪಾಠವೇ ರಾಗಿಮುದ್ದೆ. ತಟ್ಟೆಯಲ್ಲಿ ಮುದ್ದೆ ಬರೆಯಿರಿ ಎಂದರು. ಇಷ್ಟು ಸುಲಭದ ಪಾಠವೇ ಎಂದು ನಾವೆಲ್ಲ ಲೋಟದ ಬಾಯಿ ಊರಿ ದುಂಡಗೆ ಗೆರೆ ಎಳೆದು ಕೊಟ್ಟೆವು. ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹೋಗುತ್ತಾ ಒಬ್ಬೊಬ್ಬರ ಪುಸ್ತಕದ ಮೇಲೂ ನಶ್ಯದ ಬೆರಳು ಊರಿದರು.

"ಇದು ಚೆಂಡು ಕಣ್ರಲಾ, ಒದ್ರೆ ಉರುಳ್ಕಂಡು ಓಯ್ತದೆ. ಮುದ್ದೆ ತಟ್ಟೆ ಮ್ಯಾಲೆ ಕೂರ್ತದೆ. ಕೂತ್ರೆ ತಳ ಒಸಿ ಅಗ್ಲ ಆಯ್ತದೆ. ಆಕಾರ ಯಾರ್ ಬೇಕಾದ್ರೂ ಬರೀತಾರೆ. ಭಾರ ಬರೀರಲಾ."

ಮೂರು ವರ್ಷ ನಾನು ಅವರ ಬಾಯಲ್ಲಿ ಅತಿ ಹೆಚ್ಚು ಕೇಳಿದ ಮಾತು ಇದೇ, ಭಾರ ಬರಿ. ಎರಡನೆಯದು, ಗೆರೆ ಎಳೆದರೆ ಪಕ್ಕದಲ್ಲಿ ತಾರೀಖು ಹಾಕು. ಬಸ್ ಟಿಕೆಟ್ಟಿನ ಹಿಂದೆ ಕಂಡಕ್ಟರನ ಮೂಗು ಬರೆದರೂ ಅವರು ಕೆಳಗೆ ಅಂದಿನ ತಾರೀಖು ಹಾಕದೆ ಬಿಡುತ್ತಿರಲಿಲ್ಲ. ನಾನು ಅಪ್ಪನ ಅಂಗಡಿಯಲ್ಲಿ ಬಟ್ಟೆ ಹರಿಯದೆ ಡ್ರಾಯಿಂಗ್ ಮೇಷ್ಟ್ರಾಗಿದ್ದು ಈ ಮನುಷ್ಯನ ದೆಸೆಯಿಂದ. ಅಪ್ಪ ಅದನ್ನೂ ಅವರ ಲೆಕ್ಕಕ್ಕೇ ಬರೆದು ಬೈಯುತ್ತಿದ್ದರು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಡ್ರಾಯಿಂಗ್ ಮೇಷ್ಟ್ರುಗಳು ಕೆಲವರು ಆಗಾಗ ಒಂದು ಕಡೆ ಸೇರುತ್ತಿದ್ದೆವು. ಗೆರೆ, ಆಕಾರ, ಸಮತೋಲನ, ಲಯ, ಪ್ರಮಾಣ ಇವನ್ನೆಲ್ಲ ನಮ್ಮ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಒಂದು ಪುಸ್ತಕ ಮಾಡೋಣ ಎಂದು ತೀರ್ಮಾನವಾಯಿತು. ಮಾತಾಡಲು ಎಲ್ಲರೂ ಇದ್ದರು. ಬರೆಯುವ ಕೆಲಸ ಮಾತ್ರ ನನ್ನ ತಲೆಗೆ ಬಿತ್ತು. ಮೂರು ವರ್ಷ ಕೂತು ಬರೆದೆ. ಮಾತೂ ನನ್ನದು, ಚಿತ್ರವೂ ನನ್ನದು, ಹೊದಿಕೆಯ ಮೇಲಿನ ಹೆಸರೂ ನನ್ನದೇ. ಒಂದೇ ಷರತ್ತು, ಅನುಭವಸ್ಥರೊಬ್ಬರು ಮೌಲ್ಯಮಾಪನ ಮಾಡಿ ರುಜು ಹಾಕಿದ ಮೇಲೆಯೇ ಅಚ್ಚಿಗೆ ಕೊಡಬೇಕು. ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಆಗಲೇ ನಿವೃತ್ತರಾಗಿದ್ದ ಚಿಕ್ಕೇಗೌಡ ಮೇಷ್ಟ್ರ ಹೆಸರು. ನನಗೆ ಒಳಗೊಳಗೇ ಖುಷಿ. ನಮ್ಮ ಮೇಷ್ಟ್ರು ತಾನೇ, ಇನ್ನು ಪುಸ್ತಕ ಬಂದಂತೆಯೇ ಅಂದುಕೊಂಡೆ.

ಒಂದು ಭಾನುವಾರ ಪುಸ್ತಕದ ನಾಲ್ಕು ಜೆರಾಕ್ಸ್ ಪ್ರತಿಗಳನ್ನೂ ಮೌಲ್ಯಮಾಪನದ ಫಾರಮ್ಮನ್ನೂ ಹಿಡಿದು ಪಾಂಡವಪುರದ ಅವರ ಮನೆಗೆ ಹೋದೆ. ಮೇಷ್ಟ್ರು ಫಾರಮ್ಮನ್ನು ಮಡಚಿ ಜೇಬಿಗಿಟ್ಟುಕೊಂಡರು. ಒಂದು ಪ್ರತಿಯನ್ನು ಕಿಟಕಿಯ ಮೇಲೆ ಎಸೆದು, ಉಳಿದ ಮೂರನ್ನು ಚೀಲಕ್ಕೆ ಹಾಕಿದರು.

"ಓದಿ ನೋಡಲ್ವಾ ಸಾರ್?"

"ನಾನ್ಯಾಕ್ಲಾ ಓದ್ಲಿ? ನಾನೇನ್ ಇನ್ ಮ್ಯಾಲೆ ಡ್ರಾಯಿಂಗ್ ಕಲೀಬೇಕಾ? ಕಲಿಯೋ ಐಕ್ಳು ಓದ್ಲಿ ಬುಡು."

ಮೂರು ಪ್ರತಿಗಳು ಮೂರು ಸ್ಕೂಲಿಗೆ ಹೋದವು. ಒಂದು ಬೆಳಗೊಳಕ್ಕೆ, ಒಂದು ಕೆ.ಆರ್. ಪೇಟೆಯಿಂದ ಹೇಮಗಿರಿಗೆ ಹೋಗುವ ದಾರಿಯ ಒಂದು ಹಳ್ಳಿಗೆ, ಇನ್ನೊಂದು ದೇವಲಾಪುರಕ್ಕೆ. ಮೇಷ್ಟ್ರು ತಾವೇ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದರು. ಅಲ್ಲಿನ ಮೇಷ್ಟ್ರುಗಳಿಗೆ ಅವರು ಹೇಳಿದ್ದಿಷ್ಟೇ. ಪಾಠ ಮಾಡಬೇಡಿ, ಕೈ ತೊಳೆದುಕೊಳ್ಳಿ ಅನ್ನಬೇಡಿ, ಪುಸ್ತಕವನ್ನು ಹಿಂದಿನ ಬೆಂಚಿನ ಮೇಲೆ ಇಟ್ಟು ಒಂದು ತಿಂಗಳು ಸುಮ್ಮನಿದ್ದುಬಿಡಿ.

ತಿಂಗಳು ಕಳೆದ ಮೇಲೆ ಪುಸ್ತಕ ತರಲು ನಾನೂ ಜೊತೆಗೆ ಹೋದೆ. ಬೆಳಗೊಳದ ಪ್ರತಿ ಕೈಗೆ ಬಂದ ಕೂಡಲೇ ಮೇಷ್ಟ್ರು ಅದರ ಅಂಚನ್ನು ಕಣ್ಣಿಗೆ ಹಿಡಿದರು. ಅಂಚೆಲ್ಲ ಬಿಳಿ. ನಟ್ಟನಡುವೆ ಮಾತ್ರ ಒಂದು ಕಪ್ಪು ಗೆರೆ. ನಾನು ಏಳು ಸಲ ತಿದ್ದಿ ಬರೆದಿದ್ದ ಲಯದ ಪಾಠಕ್ಕೆ ಒಂದು ಬೆರಳೂ ತಗುಲಿರಲಿಲ್ಲ. ಪ್ರಮಾಣದ ಪಾಠವೂ ಅಂಗಡಿಯಿಂದ ಈಗ ತಂದಂತಿತ್ತು. ಕಪ್ಪು ಗೆರೆ ಇದ್ದ ಜಾಗದಲ್ಲಿ ತೆಗೆದರೆ ನಲವತ್ತೊಂದನೇ ಪುಟ. ಹೇಮಗಿರಿ ದಾರಿಯ ಪ್ರತಿಯಲ್ಲೂ ಮಾಸಿದ್ದು ಅದೊಂದೇ ಪುಟ.

ಅದು ಸಮತೋಲನದ ಪಾಠ. ನಾನು ಅಲ್ಲಿ ಕಬ್ಬಿನ ಗಾಡಿಯ ಚಿತ್ರ ಬರೆದಿದ್ದೆ. ಗಾಡಿಯ ಹಿಂಭಾಗದಲ್ಲಿ ಕಬ್ಬಿನ ದೊಡ್ಡ ಹೊರೆ, ಮುಂದುಗಡೆ ಸಣ್ಣಗೆ ಕೂತ ಗಾಡಿ ಹೊಡೆಯುವವನು. ದೊಡ್ಡ ಆಕಾರವನ್ನು ದೂರದ ಚಿಕ್ಕ ಆಕಾರ ತೂಗುತ್ತದೆ ಎಂದು ಮೂರು ಪುಟ ವಿವರಣೆ ಬೇರೆ. ಬೆಳಗೊಳದ ಮಕ್ಕಳು ಪೆನ್ಸಿಲ್ಲಿನಲ್ಲಿ ಗಾಡಿಯ ಮುಂದಕ್ಕೂ ಕಬ್ಬು ತುಂಬಿದ್ದರು. ಹೇಮಗಿರಿ ಕಡೆಯವರು ಎತ್ತುಗಳ ನಡುವಿನ ಉದ್ದನೆಯ ಮರಕ್ಕೆ, ಅಂದರೆ ಮೂಕಿಗೆ, ಎರಡು ಗುಂಡುಕಲ್ಲು ಕಟ್ಟಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ನಶ್ಯ ಏರಿಸಿ, ಸೀನಿ, ಮುಂದಿನ ಬಸ್ಸಿಗೆ ಕೈ ತೋರಿಸಿದರು.

ದೇವಲಾಪುರದಲ್ಲಿ ಮಕ್ಕಳನ್ನೇ ಕೇಳಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ಈ ಗಾಡಿ ಮೂಕಿ ಎತ್ಕತದೆ ಸಾ."

"ಅಂದ್ರೆ?"

"ಭಾರ ಎಲ್ಲಾ ಇಂದ್ಕೇ ಅದಲ್ಲ ಸಾ. ಮುಂದ್ಲುದು ಮ್ಯಾಲಕ್ಕೆ ಏಳ್ತದೆ. ನೊಗ ಎದ್ದು ಎತ್ತಿಗೆ ಕುತ್ಗೆ ಬಿಗೀತದೆ. ಒಡಿಯೋನು ಅಲ್ಲೆಂಗ್ ಕೂತವ್ನೆ ಸಾ?"

ಇಡೀ ಕ್ಲಾಸು ನಕ್ಕಿತು. ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಬಟ್ಟೆ ಅಂಗಡಿಯವನ ಮಗ, ಹುಟ್ಟಿದಂದಿನಿಂದ ಒಂದು ಗಾಡಿಗೂ ಹೊರೆ ಹೇರಿದವನಲ್ಲ. ಒಂದು ಫೋಟೋ ನೋಡಿಕೊಂಡು, ಚಿತ್ರ ಚೆನ್ನಾಗಿ ಕಾಣಲಿ ಎಂದು ಕಬ್ಬನ್ನೆಲ್ಲ ಹಿಂದಕ್ಕೆ ಸರಿಸಿದ್ದೆ. ಹಾಳೆಯ ಮೇಲೆ ತೂಕ ಸರಿಯಾಗಿತ್ತು, ರಸ್ತೆಯ ಮೇಲೆ ಎತ್ತಿನ ಪ್ರಾಣಕ್ಕೆ ಸಂಚಕಾರ.

ವಾಪಸ್ಸು ಬರುವ ಬಸ್ಸಿನಲ್ಲಿ ಕೇಳಿದೆ. "ನಿಮ್ಮ ಕಣ್ಣಿಗೂ ಬೀಳ್ಲಿಲ್ವಾ ಸಾರ್?"

"ನಾನೆಲ್ಲಿ ಪುಸ್ತಕ ಬಿಚ್ಚಿದ್ನಪ್ಪ."

"ನಾಳೇನೇ ತಿದ್ದಿ ಕೊಡ್ತೀನಿ."

"ತಿದ್ದಿದ್ರೆ ರುಜು ಆಕಾಕಿಲ್ಲ."

ತಮಾಷೆ ಎಂದುಕೊಂಡೆ. ಅವರು ಜೇಬಿನಿಂದ ಫಾರಮ್ಮು ತೆಗೆದು, ತೊಡೆಯ ಮೇಲಿಟ್ಟುಕೊಂಡು, ಅಂಕ ಕೊಡುವ ಮನೆಗಳನ್ನೆಲ್ಲ ಖಾಲಿ ಬಿಟ್ಟು, ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದರು: "ಪುಟ ೪೧ ಬಿಟ್ಟು ಬೇರಾವುದೂ ಮಾಸಿಲ್ಲ. ಆ ಚಿತ್ರ ತಿದ್ದಕೂಡದು. ತಿದ್ದದಿದ್ದರೆ ಪುಸ್ತಕ ಅಚ್ಚಿಗೆ ಯೋಗ್ಯ."

"ಸಾರ್, ಪುಸ್ತಕದ ಮೇಲೆ ನನ್ನ ಹೆಸರಿರುತ್ತೆ. ಸಮತೋಲನದ ಪಾಠದಲ್ಲೇ ಬೀಳೋ ಗಾಡಿ ಬರೆದವನು ಅಂತ ಜನ ಆಡ್ಕೊಳ್ತಾರೆ."

"ಆಡ್ಕಳ್ಳಿ ಬುಡು. ಇಡೀ ಪುಸ್ತಕ್ದಾಗೆ ಐಕ್ಳು ನಿನ್ ಕುಟೆ ಜಗಳ ಆಡಿರಾದು ಇದೊಂದೇ ಪುಟದಾಗೆ ಕಣ್ಲಾ. ಅದ್ನೂ ಒರ್ಸಾಕ್ತೀಯಾ?"

ನನಗೆ ಕೆಟ್ಟ ಸಿಟ್ಟು ಬಂತು. ಮೂರು ವರ್ಷದ ಕೆಲಸಕ್ಕೆ ಈ ಮನುಷ್ಯ ಕೊಟ್ಟ ಬಹುಮಾನ ಇದೇನಾ ಅನ್ನಿಸಿತು. ಎರಡು ವಾರ ಅವರಿಗೆ ಫೋನೂ ಮಾಡಲಿಲ್ಲ. ಹಟಕ್ಕೆ ಬಿದ್ದು, ಬೆಲ್ಲದ ಆಲೆಮನೆಯ ಮುಂದೆ ನಿಂತು, ನಿಜವಾದ ಗಾಡಿ ನೋಡಿ ಸರಿಯಾದ ಚಿತ್ರ ಬರೆದೆ. ಹೊರೆ ಮುಂದಕ್ಕೂ ಹಿಂದಕ್ಕೂ ಹದವಾಗಿತ್ತು. ಅದನ್ನು ಪುಸ್ತಕಕ್ಕೆ ಸೇರಿಸಿ ನನ್ನ ಸ್ಕೂಲಿನ ಹಿಂದಿನ ಬೆಂಚಿನ ಮೇಲೆ ಒಂದು ವಾರ ಇಟ್ಟೆ. ವಾರದ ಕೊನೆಗೆ ಅಂಚನ್ನು ಕಣ್ಣಿಗೆ ಹಿಡಿದು ನೋಡಿದರೆ ಎಲ್ಲ ಬೆಳ್ಳಗಿತ್ತು. ಸರಿಯಾದ ಗಾಡಿಯನ್ನು ಒಬ್ಬರೂ ತಿರುಗಿ ನೋಡಿರಲಿಲ್ಲ.

ಬೀಳುವ ಗಾಡಿಯನ್ನೇ ವಾಪಸ್ಸು ಹಾಕಿದೆ. ಮೂರು ಪುಟದ ವಿವರಣೆ ಹೊಡೆದು ಹಾಕಿ, ಚಿತ್ರದ ಕೆಳಗೆ ಒಂದೇ ಸಾಲು ಬರೆದೆ: "ಈ ಗಾಡಿ ಊರು ಸೇರುತ್ತದೆಯೇ? ಸೇರಿಸಿ." ಮೇಷ್ಟ್ರು ನಶ್ಯದ ಬೆರಳಲ್ಲೇ ಪೆನ್ನು ಹಿಡಿದು ರುಜು ಹಾಕಿದರು.

ಪುಸ್ತಕ ಅಚ್ಚಾಯಿತು. ಅಂದುಕೊಂಡಂತೆ ಜನ ಆಡಿಕೊಂಡರು. ನಾಲ್ಕು ತಾಲ್ಲೂಕಿನಲ್ಲೂ ನನಗೆ ಗಾಡಿ ಮೇಷ್ಟ್ರು ಎಂಬ ಹೆಸರು ಬಿತ್ತು. ಆದರೆ ಯಾವ ಸ್ಕೂಲಿಗೆ ಹೋದರೂ ಆ ಪುಟ ಮಸಿಯಾಗಿರುತ್ತದೆ. ಒಬ್ಬರು ಮುಂದೆ ರಾಗಿ ಮೂಟೆ ಹೇರುತ್ತಾರೆ, ಒಬ್ಬರು ಮೂಕಿಗೆ ತಮ್ಮ ಹೆಡ್‌ಮಾಸ್ಟರನ್ನೇ ಜೋತುಬಿಡುತ್ತಾರೆ. ಒಂದೊಂದು ಸಲ ಭಾರ ಎಷ್ಟು ಚೆನ್ನಾಗಿ ಕೂತಿರುತ್ತದೆಂದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ತಿಥಿಯ ದಿನ ಊಟವಾದ ಮೇಲೆ ಅವರ ಹೆಂಡತಿ ಸಾಕಮ್ಮನವರು ಕಿಟಕಿಯ ಮೇಲಿದ್ದ ಆ ನಾಲ್ಕನೇ ಪ್ರತಿಯನ್ನು ತಂದು ಕೊಟ್ಟರು. "ನಿಂದೇ ಅಂತೆ ಕಣಪ್ಪ, ತಕ್ಕೊಂಡೋಗು" ಅಂದರು. ಬಿಚ್ಚದೇ ಇಟ್ಟ ಪ್ರತಿಯಲ್ಲವೇ ಎಂದುಕೊಂಡು ಇಸಿದುಕೊಂಡೆ. ಅಭ್ಯಾಸಬಲ, ಅಂಚನ್ನು ಕಣ್ಣಿಗೆ ಹಿಡಿದೆ. ನಟ್ಟನಡುವೆ ಒಂದು ಕಂದು ಗೆರೆ.

ನಲವತ್ತೊಂದನೇ ಪುಟದ ಮೂಲೆಯಲ್ಲಿ ನಶ್ಯದ ಹೆಬ್ಬೆರಳು ಸ್ಪಷ್ಟವಾಗಿ ಮೂಡಿತ್ತು. ಗಾಡಿಯ ಮೂಕಿಯ ಮೇಲೆ ಪೆನ್ಸಿಲ್ಲಿನಲ್ಲಿ ಒಬ್ಬ ಪುಟ್ಟ ಮನುಷ್ಯ. ದಪ್ಪ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು, ನಾನು ಇಟ್ಟುಕೊಳ್ಳುವ ಹಾಗೆಯೇ. ಎರಡೂ ಕೈಯಲ್ಲಿ ಮೂಕಿ ಹಿಡಿದು, ಕಾಲು ಇಳಿಬಿಟ್ಟು, ಅಷ್ಟು ಭಾರವನ್ನೂ ಹಾಕಿ ಕೂತಿದ್ದಾನೆ. ಗಾಡಿ ನೆಟ್ಟಗೆ ನಿಂತಿದೆ. ಕೆಳಗೆ ಹಾಕಿದ ತಾರೀಖು, ನಾನು ಪುಸ್ತಕ ಕೊಟ್ಟು ಬಂದ ಆ ಭಾನುವಾರದ್ದು.

ಅವತ್ತೇ ನೋಡಿದ್ದರು. ಒಂದು ಮಾತು ಹೇಳಿದ್ದರೆ ನಾನು ತಿದ್ದಿ, ಸೈ ಎನ್ನಿಸಿಕೊಂಡು, ಮರೆತುಬಿಡುತ್ತಿದ್ದೆ. ಹೇಳಲಿಲ್ಲ. ಮಕ್ಕಳ ಬಾಯಿಂದಲೇ ನನಗೆ ಹೇಳಿಸಬೇಕೆಂದು, ಮಂಡಿನೋವಿಟ್ಟುಕೊಂಡು, ಮೂರು ತಾಲ್ಲೂಕು ಬಸ್ಸಿನಲ್ಲಿ ತಿರುಗಿದರು. ಅಂಥ ಮೇಷ್ಟ್ರ ಜೊತೆ ನಾನು ಎರಡು ವಾರ ಮಾತು ಬಿಟ್ಟಿದ್ದೆ.

ಸಾಕಮ್ಮನವರು ಬಗ್ಗಿ ಪುಟ ನೋಡಿದರು. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದರು.

"ನೀನೇ ಅಲ್ವೇನಪ್ಪ ಇದು?" ಅಂದರು. "ಗಟ್ಟಿಯಾಗಿ ಇಡ್ಕಂಡಿರು."